ಓದುಗರ ಪ್ರಶ್ನೆ: ಅಮೆರಿಕದಲ್ಲಿ ಅನುದಾನ ನಿಂತರೆ ಲ್ಯಾಬಿನೊಳಗೆ ಏನಾಗುತ್ತದೆ?

ಅಮೆರಿಕದ ವಿಶ್ವವಿದ್ಯಾಲಯಗಳ ವೈದ್ಯಕೀಯ ಸಂಶೋಧನೆಗೆ ಸರ್ಕಾರ ಕತ್ತರಿ ಹಾಕಿದ ಸುದ್ದಿಯ ಬಗ್ಗೆ ಓದುಗರು ಕೇಳಿದ ಪ್ರಶ್ನೆಗಳು ಇಲ್ಲಿವೆ. ಒಂದೇ ಬಗೆಯವನ್ನು ಒಟ್ಟು ಮಾಡಿದ್ದೇವೆ. ಮಕ್ಕಳು ಅಲ್ಲಿ ಪಿಎಚ್.ಡಿ. ಮಾಡುತ್ತಿರುವ ತಂದೆ ತಾಯಿಯರಿಗೆ ಕೊಟ್ಟ ಉತ್ತರ ಬೇಕೆಂದೇ ಉದ್ದವಾಗಿದೆ.

ಪ್ರಶ್ನೆ: ಒಂದು ದಿನ ಅನುದಾನ ಕಡಿತ ಎನ್ನುತ್ತಾರೆ, ಮರುದಿನ ಕೋರ್ಟ್ ತಡೆಯಿತು ಎನ್ನುತ್ತಾರೆ. ನಿಜವಾಗಿ ಕಡಿತ ಆಗಿದೆಯೋ ಇಲ್ಲವೋ?
— ನಿವೃತ್ತ ಉಪನ್ಯಾಸಕರು, ಮೈಸೂರು

ಉತ್ತರ: ‘ಕಡಿತ’ ಎಂಬ ಒಂದೇ ಹೆಸರಿನಡಿ ನಾಲ್ಕು ಬೇರೆ ಬೇರೆ ಸಂಗತಿಗಳು ನಡೆದಿವೆ. ಪತ್ರಿಕೆಗಳು ನಾಲ್ಕನ್ನೂ ಕಲಸಿ ಬರೆದದ್ದರಿಂದ ಈ ಗೊಂದಲ.

ಮೊದಲು ದುಡ್ಡು ಕೊಡುವವರು ಯಾರು ಎಂಬುದು ಗೊತ್ತಿರಲಿ. ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆ, ಅಂದರೆ ಎನ್‌ಐಎಚ್, ವರ್ಷಕ್ಕೆ ಸುಮಾರು 4,800 ಕೋಟಿ ಡಾಲರ್ ಖರ್ಚು ಮಾಡುತ್ತದೆ. ಅದರಲ್ಲಿ ಶೇ 80ಕ್ಕಿಂತ ಹೆಚ್ಚು ಪಾಲು ಅದರ ಸ್ವಂತ ಕಟ್ಟಡಗಳಲ್ಲಿ ಉಳಿಯುವುದಿಲ್ಲ. ವಿಶ್ವವಿದ್ಯಾಲಯ, ಮೆಡಿಕಲ್ ಕಾಲೇಜು, ಆಸ್ಪತ್ರೆ ಹೀಗೆ 2,500ಕ್ಕೂ ಹೆಚ್ಚು ಸಂಸ್ಥೆಗಳಿಗೆ ಗ್ರ್ಯಾಂಟ್ ರೂಪದಲ್ಲಿ ಹೋಗುತ್ತದೆ.

ಒಂದನೆಯದು, ಮಂಜೂರಾಗಿ ನಡೆಯುತ್ತಿದ್ದ ಗ್ರ್ಯಾಂಟುಗಳ ರದ್ದತಿ. ಇದು 2025ರ ಫೆಬ್ರವರಿ ಕೊನೆಯಿಂದ ಶುರುವಾಯಿತು. ‘ಈ ಯೋಜನೆ ಇಲಾಖೆಯ ಈಗಿನ ಆದ್ಯತೆಗೆ ಹೊಂದುವುದಿಲ್ಲ’ ಎಂಬ ಒಂದು ಸಾಲಿನ ಕಾರಣ ಸಾಕಾಯಿತು. ಎಚ್‌ಐವಿ, ಲಸಿಕೆ ಹಿಂಜರಿಕೆ, ಲಿಂಗತ್ವ ಅಲ್ಪಸಂಖ್ಯಾತರ ಆರೋಗ್ಯ, ಬಡವ–ಬಲ್ಲಿದರ ನಡುವಿನ ಆರೋಗ್ಯದ ಅಂತರ ಮುಂತಾದ ವಿಷಯಗಳಿಗೆ ಮೊದಲ ಏಟು ಬಿತ್ತು. ಆಮೇಲೆ ವಿಷಯ ಬಿಟ್ಟು ಸಂಸ್ಥೆಯನ್ನೇ ಹಿಡಿದರು. ಮಾರ್ಚ್ 7ರಂದು ಕೊಲಂಬಿಯಾ ವಿಶ್ವವಿದ್ಯಾಲಯದ 40 ಕೋಟಿ ಡಾಲರ್ ರದ್ದಾಯಿತು, ಏಪ್ರಿಲ್ 14ರಂದು ಹಾರ್ವರ್ಡಿನ 220 ಕೋಟಿ ಡಾಲರ್ ತಡೆಹಿಡಿಯಲಾಯಿತು. ಕೊಲಂಬಿಯಾ ಜುಲೈನಲ್ಲಿ 20 ಕೋಟಿ ಡಾಲರ್ ಕಟ್ಟಲು ಒಪ್ಪಿ ರಾಜಿ ಮಾಡಿಕೊಂಡಿತು. ಹಾರ್ವರ್ಡ್ ಕೋರ್ಟಿಗೆ ಹೋಗಿ, ಸೆಪ್ಟೆಂಬರ್ 3ರಂದು ಜಿಲ್ಲಾ ನ್ಯಾಯಾಲಯದಲ್ಲಿ ಗೆದ್ದಿತು.

ಎರಡನೆಯದು ಓವರ್‌ಹೆಡ್ ಮಿತಿ. ಓವರ್‌ಹೆಡ್ ಎಂದರೆ ಸಂಶೋಧನೆಯ ನೇರ ಖರ್ಚಿನ ಜೊತೆಗೆ ಕಟ್ಟಡ, ಕರೆಂಟ್, ಆಡಳಿತಕ್ಕೆಂದು ಸೇರಿಸಿ ಕೊಡುವ ಹಣ. ಎಲ್ಲರಿಗೂ ಶೇ 15 ಮಾತ್ರ ಎಂದು 2025ರ ಫೆಬ್ರವರಿ 7ರ ಶುಕ್ರವಾರ ಆದೇಶ ಹೊರಟಿತು, ಸೋಮವಾರದಿಂದಲೇ ಜಾರಿ ಎಂದಿತ್ತು. 22 ರಾಜ್ಯಗಳು ದಾವೆ ಹೂಡಿ ಅದೇ ಸೋಮವಾರ ತಡೆಯಾಜ್ಞೆ ತಂದವು. ಏಪ್ರಿಲ್‌ನಲ್ಲಿ ತಡೆ ಶಾಶ್ವತವಾಯಿತು, 2026ರ ಜನವರಿಯಲ್ಲಿ ಮೇಲ್ಮನವಿ ನ್ಯಾಯಾಲಯ ಅದನ್ನು ಎತ್ತಿಹಿಡಿಯಿತು. ಅಂದರೆ ಈ ಕಡಿತ ಜಾರಿಗೇ ಬಂದಿಲ್ಲ.

ಮೂರನೆಯದು ಬಜೆಟ್ ಪ್ರಸ್ತಾವ. 2026ರ ಸಾಲಿಗೆ ಎನ್‌ಐಎಚ್ ಹಣವನ್ನು ಸುಮಾರು ಶೇ 40 ಇಳಿಸಿ 2,750 ಕೋಟಿ ಡಾಲರಿಗೆ ತರುವುದು, 27 ಸಂಸ್ಥೆ–ಕೇಂದ್ರಗಳನ್ನು 8ಕ್ಕೆ ಕುಗ್ಗಿಸುವುದು ಶ್ವೇತಭವನದ ಪ್ರಸ್ತಾವವಾಗಿತ್ತು. ಅಲ್ಲಿನ ಸಂಸತ್ತು ಇದನ್ನು ಒಪ್ಪಲಿಲ್ಲ. ಹಣ ಹಿಂದಿನ ಮಟ್ಟದಲ್ಲೇ, ತುಸು ಮೇಲೆಯೇ ನಿಂತಿತು.

ನಾಲ್ಕನೆಯದು ಸದ್ದಿಲ್ಲದೆ ನಡೆದದ್ದು. ನಮ್ಮ ಲೆಕ್ಕದಲ್ಲಿ ಹೆಚ್ಚು ಪೆಟ್ಟು ಕೊಡುವುದು ಇದೇ. ಐದು ವರ್ಷದ ಗ್ರ್ಯಾಂಟನ್ನು ವರ್ಷವರ್ಷ ಕಂತಿನಲ್ಲಿ ಕೊಡುವುದು ರೂಢಿ. 2025ರಲ್ಲಿ ಅಮೆರಿಕದ ಬೇಸಿಗೆಯಲ್ಲಿ (ಜೂನ್–ಆಗಸ್ಟ್), ಉಳಿದ ಹಣದ ದೊಡ್ಡ ಭಾಗವನ್ನು ಎಲ್ಲ ವರ್ಷಗಳ ಕಂತು ಸೇರಿಸಿ ಒಂದೇ ಸಲ ಕೊಡಬೇಕು ಎಂದಾಯಿತು. ಲೆಕ್ಕ ಹಾಕಿ ನೋಡಿ: ಒಂದು ಕೋಟಿ ಡಾಲರ್ ಇದೆ, ಗ್ರ್ಯಾಂಟಿಗೆ ವರ್ಷಕ್ಕೆ 5 ಲಕ್ಷ ಬೇಕು ಎಂದುಕೊಳ್ಳೋಣ. ಕಂತಿನಲ್ಲಾದರೆ ಈ ವರ್ಷ 20 ಹೊಸ ಗ್ರ್ಯಾಂಟ್ ಕೊಡಬಹುದು. ಐದು ವರ್ಷದ್ದನ್ನೂ ಒಟ್ಟಿಗೆ ಕೊಟ್ಟರೆ ನಾಲ್ಕೇ. ಒಟ್ಟು ಮೊತ್ತದಲ್ಲಿ ಒಂದು ಡಾಲರೂ ಕಡಿಮೆಯಾಗಿಲ್ಲ, ಆದರೆ ಹದಿನಾರು ಲ್ಯಾಬುಗಳಿಗೆ ಬಾಗಿಲು ಮುಚ್ಚಿತು. ಅಮೆರಿಕದ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆ 2024ರಲ್ಲಿ ಪರಿಶೀಲಕರ ಪಟ್ಟಿಯ ಮೇಲಿನ ಶೇ 10ರೊಳಗೆ ಬಂದ ಅರ್ಜಿಗಳಿಗೆ ಹಣ ಕೊಡುತ್ತಿತ್ತು. 2025ರಲ್ಲಿ ಆ ಗೆರೆ ಶೇ 4ಕ್ಕೆ ಇಳಿಯಿತು.

ಪ್ರಶ್ನೆ: ಸಂಶೋಧನೆಗೆ ಕೊಟ್ಟ ಹಣದ ಮೇಲೆ ಶೇ 60 ಓವರ್‌ಹೆಡ್ ತೆಗೆದುಕೊಳ್ಳುವುದು ಹಗಲು ದರೋಡೆಯಲ್ಲವೇ? ಶೇ 15 ಸಾಲದೇ?
— ಲೆಕ್ಕ ಪರಿಶೋಧಕರು, ಹುಬ್ಬಳ್ಳಿ

ಉತ್ತರ: ನೂರು ರೂಪಾಯಿಯಲ್ಲಿ ಅರವತ್ತು ಹೊಡೆಯುತ್ತಾರೆ ಎಂದು ತಿಳಿದರೆ ದರೋಡೆ ಅನಿಸುವುದು ನಿಜ. ಆದರೆ ಲೆಕ್ಕ ಹಾಗಿಲ್ಲ. ಓವರ್‌ಹೆಡ್ಡನ್ನು ನೇರ ಖರ್ಚಿನ ಮೇಲೆ ಸೇರಿಸಿ ಕೊಡುತ್ತಾರೆ, ಅದರೊಳಗಿಂದ ಕಡಿಯುವುದಿಲ್ಲ. ಅದೂ ಎಲ್ಲ ನೇರ ಖರ್ಚಿನ ಮೇಲಲ್ಲ. ದೊಡ್ಡ ಉಪಕರಣ, ವಿದ್ಯಾರ್ಥಿಯ ಟ್ಯೂಷನ್ ಫೀ, ರೋಗಿಗಳ ಚಿಕಿತ್ಸಾ ವೆಚ್ಚ, ಬೇರೆ ಸಂಸ್ಥೆಗೆ ದಾಟಿಸುವ ಹಣದ ಬಹುಪಾಲು, ಇವನ್ನೆಲ್ಲ ಕಳೆದು ಉಳಿದದ್ದರ ಮೇಲೆ ಮಾತ್ರ.

ಒಂದು ಉದಾಹರಣೆ. ವರ್ಷದ ನೇರ ಖರ್ಚು 2,50,000 ಡಾಲರ್. ಅದರಲ್ಲಿ 30,000 ಒಂದು ಮೈಕ್ರೋಸ್ಕೋಪಿಗೆ, 20,000 ಟ್ಯೂಷನ್ನಿಗೆ. ಎರಡನ್ನೂ ಕಳೆದರೆ 2,00,000. ಅದರ ಶೇ 60 ಅಂದರೆ 1,20,000. ಸರ್ಕಾರ ಕೊಡುವ ಒಟ್ಟು ಮೊತ್ತ 3,70,000. ಅದರಲ್ಲಿ ಓವರ್‌ಹೆಡ್ ಪಾಲು ಶೇ 32ರಷ್ಟು. ದರ ಶೇ 15 ಆದರೆ 1,20,000 ಇದ್ದದ್ದು 30,000ಕ್ಕೆ ಇಳಿಯುತ್ತದೆ. ಈ ಒಂದೇ ಗ್ರ್ಯಾಂಟಿನಲ್ಲಿ ವರ್ಷಕ್ಕೆ 90,000 ಡಾಲರ್ ಖೋತಾ. ಇಂಥ ಗ್ರ್ಯಾಂಟುಗಳು ದೊಡ್ಡ ಮೆಡಿಕಲ್ ಸ್ಕೂಲಿನಲ್ಲಿ ನೂರಾರು ಇರುತ್ತವೆ. ದೇಶದ ಮಟ್ಟದಲ್ಲಿ 2023ರ ಸಾಲಿನ 3,500 ಕೋಟಿ ಡಾಲರಿನಲ್ಲಿ 900 ಕೋಟಿ ಓವರ್‌ಹೆಡ್ಡಿಗೆ ಹೋಗಿತ್ತು. ಮಿತಿಯಿಂದ ವರ್ಷಕ್ಕೆ 400 ಕೋಟಿ ಉಳಿಯುತ್ತದೆ ಎಂದು ಎನ್‌ಐಎಚ್ ಹೇಳಿಕೊಂಡಿತು.

ಆ ಹಣ ಎಲ್ಲಿಗೆ ಹೋಗುತ್ತದೆ? ಪ್ರಾಣಿಗಳ ಕೋಣೆಯ ಗಾಳಿಯನ್ನು ಗಂಟೆಗೆ 10ರಿಂದ 15 ಸಲ ಪೂರ್ತಿ ಬದಲಿಸಬೇಕು, ಹಗಲು ರಾತ್ರಿ, ರಜಾದಿನವೂ. ಮೈನಸ್ 80 ಡಿಗ್ರಿಯ ಒಂದು ಫ್ರೀಜರ್ ದಿನಕ್ಕೆ 10ರಿಂದ 20 ಯೂನಿಟ್ ಕರೆಂಟ್ ಕುಡಿಯುತ್ತದೆ. ಒಂದೇ ಮಹಡಿಯಲ್ಲಿ ಅಂಥವು ಹತ್ತಾರು. ರಾಸಾಯನಿಕ ಕಸ, ವಿಕಿರಣಶೀಲ ಕಸ ಸಾಗಿಸುವವರು, ಪಶುವೈದ್ಯರು, ರೋಗಿಗಳ ಸುರಕ್ಷತೆ ನೋಡುವ ನೈತಿಕ ಸಮಿತಿಯ ಸಿಬ್ಬಂದಿ, ನಿಮ್ಮಂಥ ಲೆಕ್ಕಿಗರು, ಜನರೇಟರಿನ ಡೀಸೆಲ್. ಇದರಲ್ಲಿ ಯಾವುದನ್ನೂ ‘ಈ ಗ್ರ್ಯಾಂಟಿಗೆ ಇಷ್ಟು’ ಎಂದು ಬಿಡಿಬಿಡಿಯಾಗಿ ಬಿಲ್ ಮಾಡಲಾಗದು. ಮದುವೆಗೆ ಅಡುಗೆ ಸಾಮಾನಿನ ದುಡ್ಡು ಕೊಡುತ್ತೇವೆ, ಛತ್ರದ ಬಾಡಿಗೆ ಕೇಳಬೇಡಿ ಎಂದರೆ ಊಟ ಎಲ್ಲಿ ಹಾಕುವುದು?

ಹಾಗೆಂದು ವಿಶ್ವವಿದ್ಯಾಲಯಗಳದು ಪೂರ್ತಿ ಸಾಚಾ ಲೆಕ್ಕ ಎನ್ನುತ್ತಿಲ್ಲ. ಒಂದೊಂದು ಸಂಸ್ಥೆಗೆ ಒಂದೊಂದು ದರ, ಮಾತುಕತೆ ಮುಚ್ಚಿದ ಬಾಗಿಲೊಳಗೆ. ಹಾರ್ವರ್ಡಿಗೆ ಶೇ 69, ದೇಶದ ಸರಾಸರಿ ಶೇ 27–28. ಏಕೆ ಎಂದು ಹೊರಗಿನವರಿಗೆ ತಿಳಿಯುವಂತೆ ಯಾರೂ ವಿವರಿಸಿಲ್ಲ. ಆಡಳಿತದ ಪಾಲಿಗೆ ಮಾತ್ರ 1991ರಿಂದ ಶೇ 26ರ ಮಿತಿ ಇದೆ, ಕಟ್ಟಡದ ಪಾಲಿಗೆ ಮಿತಿಯಿಲ್ಲ. ಇದನ್ನು ಸುಧಾರಿಸಬೇಕು ಎಂಬುದು ಹಳೆಯ, ನ್ಯಾಯವಾದ ಬೇಡಿಕೆ. ಸುಧಾರಣೆಗೆ ಎರಡು ವರ್ಷದ ಮುನ್ಸೂಚನೆ ಕೊಡುವುದು ಬೇರೆ, ವಾರದ ಕೊನೆಯಲ್ಲಿ ಆದೇಶ ಹೊರಡಿಸಿ ಸೋಮವಾರ ಜಾರಿ ಎನ್ನುವುದು ಬೇರೆ. ‘ಖಾಸಗಿ ಪ್ರತಿಷ್ಠಾನಗಳು ಶೇ 10–15 ಮಾತ್ರ ಕೊಡುತ್ತವಲ್ಲ’ ಎಂಬ ವಾದವೂ ಇದೆ. ಅವು ಕೊಡದ ಬಾಕಿಯನ್ನು ವಿಶ್ವವಿದ್ಯಾಲಯ ತನ್ನ ಕೈಯಿಂದ ತುಂಬುತ್ತದೆ. ಅವುಗಳ ಪಾಲು ಚಿಕ್ಕದಾಗಿರುವುದರಿಂದ ತುಂಬಲು ಆಗುತ್ತದೆ, ಅಷ್ಟೆ.

ಪ್ರಶ್ನೆ: ಕೋರ್ಟ್ ಆದೇಶದಿಂದ ಹಲವರಿಗೆ ಹಣ ಮರಳಿ ಬಂದಿದೆಯಂತೆ. ಹಾಗಾದರೆ ನಷ್ಟವೇನು? ನಾಲ್ಕು ತಿಂಗಳು ತಡವಾಯಿತು, ಅಷ್ಟೇ ಅಲ್ಲವೇ?
— ಎಂಜಿನಿಯರ್, ತುಮಕೂರು

ಉತ್ತರ: ರಸ್ತೆ ಕಾಮಗಾರಿಯಾದರೆ ಅಷ್ಟೇ. ಜಲ್ಲಿ, ಸಿಮೆಂಟು ಕಾಯುತ್ತವೆ. ಜೀವ ಕಾಯುವುದಿಲ್ಲ.

ಇಲಿಯ ವಿಷಯವನ್ನೇ ತೆಗೆದುಕೊಳ್ಳಿ. ಒಂದು ಜೀನ್ ಬದಲಿಸಿದ ಇಲಿಯ ತಳಿಯನ್ನು ಬೇಕಾದ ಹಿನ್ನೆಲೆಗೆ ತರಲು ಹತ್ತು ತಲೆಮಾರು ಮರಳಿ ಮರಳಿ ಕೂಡಿಸಬೇಕು. ಗರ್ಭ ಮೂರು ವಾರ, ಹಾಲು ಬಿಡಿಸಲು ಮೂರು ವಾರ, ಬೆದೆಗೆ ಬರಲು ಇನ್ನೂ ಕೆಲವು ವಾರ. ತಲೆಮಾರಿಗೆ 10–12 ವಾರ ಹಿಡಿದರೂ ಎರಡು ವರ್ಷದ ಆಸುಪಾಸಾಗುತ್ತದೆ. ಇಂಥ ತಳಿಗಳನ್ನು ಇಟ್ಟುಕೊಂಡ ಸಾಧಾರಣ ಲ್ಯಾಬಿನಲ್ಲಿ 200 ಕೇಜ್ ಇರಬಹುದು. ಕೇಜಿಗೆ ದಿನಕ್ಕೆ ಒಂದು ಡಾಲರ್ ಬಾಡಿಗೆ ಎಂದರೂ ವರ್ಷಕ್ಕೆ 73,000 ಡಾಲರ್. ಗ್ರ್ಯಾಂಟ್ ನಿಂತ ಮರುದಿನವೂ ಇಲಿಗಳು ತಿನ್ನುತ್ತವೆ, ಮರಿ ಹಾಕುತ್ತವೆ, ಬಿಲ್ ಏರುತ್ತದೆ. ಆದ್ದರಿಂದ ಮೊದಲ ತಿಂಗಳಲ್ಲೇ ಸಂಶೋಧಕರು ಮಾಡುವ ಕೆಲಸ ಮೂರು: ಪ್ರಯೋಗದ ಮಧ್ಯದಲ್ಲಿರುವ ಗುಂಪುಗಳನ್ನು ಮಾತ್ರ ಉಳಿಸುವುದು, ಪ್ರತಿ ತಳಿಯಿಂದ ಎರಡು ಮೂರು ಗಂಡಿಲಿಗಳ ವೀರ್ಯ ತೆಗೆಸಿ ದ್ರವ ಸಾರಜನಕದಲ್ಲಿ ಮೈನಸ್ 196 ಡಿಗ್ರಿಯಲ್ಲಿ ಇಡಿಸುವುದು, ಉಳಿದವನ್ನು ಕೊಲ್ಲುವುದು.

ಹಣ ಮರಳಿ ಬಂದಾಗ ಆ ವೀರ್ಯದಿಂದ ಪ್ರನಾಳದಲ್ಲಿ ಭ್ರೂಣ ಮಾಡಬೇಕು, ಬಾಡಿಗೆ ತಾಯಿ ಇಲಿಗೆ ಇಡಬೇಕು. ಹುಟ್ಟಿದ ಮರಿಗಳಲ್ಲಿ ಬದಲಾದ ಜೀನಿನ ಒಂದೇ ಪ್ರತಿ ಇರುತ್ತದೆ. ಎರಡೂ ಪ್ರತಿ ಇರುವ ಇಲಿ ಬೇಕೆಂದರೆ ಅವುಗಳನ್ನು ಮತ್ತೆ ಕೂಡಿಸಬೇಕು. ಪ್ರಯೋಗಕ್ಕೆ ಸಾಕಾಗುವಷ್ಟು ಇಲಿ ಕೈಗೆ ಬರಲು ಆರು ತಿಂಗಳಿಗೂ ಮೇಲೆ ಹಿಡಿಯುತ್ತದೆ. ಮುಪ್ಪಿನ ಕಾಯಿಲೆಯ ಅಧ್ಯಯನವಾದರೆ ಕಥೆ ಇನ್ನೂ ಕಷ್ಟ. ಹದಿನೆಂಟು ತಿಂಗಳ ಇಲಿಯನ್ನು ಕಳೆದುಕೊಂಡರೆ ಅದೇ ತಳಿಯ ಹದಿನೆಂಟು ತಿಂಗಳ ಇನ್ನೊಂದು ಇಲಿಗೆ ಹದಿನೆಂಟು ತಿಂಗಳೇ ಕಾಯಬೇಕು.

ಮಾದರಿಗಳ ಪಾಡು ಬೇರೆ. ದ್ರವ ಸಾರಜನಕದ ಡಬ್ಬಿಯಲ್ಲಿ ಮಟ್ಟ ತಾನಾಗಿಯೇ ಇಳಿಯುತ್ತದೆ, ಯಾರಾದರೂ ತುಂಬುತ್ತಿರಬೇಕು. ಆ ‘ಯಾರಾದರೂ’ ಸಾಮಾನ್ಯವಾಗಿ ಒಬ್ಬ ಟೆಕ್ನಿಷಿಯನ್, ಗ್ರ್ಯಾಂಟಿನಿಂದ ಸಂಬಳ ಪಡೆಯುವವರು. ಸಂಬಳ ನಿಂತಾಗ ಮೊದಲು ಹೋಗುವವರೂ ಅವರೇ. ಯಾವ ರ‍್ಯಾಕ್, ಯಾವ ಪೆಟ್ಟಿಗೆ, ಎಷ್ಟನೇ ಕುಳಿಯಲ್ಲಿ ಯಾವ ರೋಗಿಯ ರಕ್ತ ಇದೆ ಎಂಬ ಪಟ್ಟಿ ಅವರ ಕಂಪ್ಯೂಟರಿನಲ್ಲಿ ಇರುತ್ತದೆ, ಪಟ್ಟಿಯಲ್ಲಿ ಬರೆಯದ ಅರ್ಧ ಅವರ ತಲೆಯಲ್ಲಿ. ಅವರು ಬೇರೆ ಕೆಲಸ ಹಿಡಿದ ಮೇಲೆ ಹಣ ಬಂದರೂ ಅವರು ಬರುವುದಿಲ್ಲ.

ಇನ್ನೊಂದು ತೊಡಕು ಕಾನೂನಿನದು. 2025ರ ಜೂನ್ 16ರಂದು ಬಾಸ್ಟನ್ನಿನ ನ್ಯಾಯಾಧೀಶರು ಗ್ರ್ಯಾಂಟ್ ರದ್ದತಿ ಅಕ್ರಮ ಎಂದರು, ನೂರಾರು ಗ್ರ್ಯಾಂಟುಗಳು ಮರಳಿದವು. ಆಗಸ್ಟ್ 21ರಂದು ಸುಪ್ರೀಂ ಕೋರ್ಟ್ 5–4 ಬಹುಮತದಲ್ಲಿ, ಹಣದ ತಗಾದೆ ಬಾಸ್ಟನ್ನಿನ ಆ ಕೋರ್ಟಿಗೆ ಸೇರಿದ್ದಲ್ಲ, ಬೇರೆ ಕೋರ್ಟಿಗೆ ಹೋಗಿ ಎಂದಿತು. ಇಂದು ಇರುವ ಹಣ ನಾಳೆ ಇರುತ್ತದೋ ಇಲ್ಲವೋ ಎಂಬ ಸ್ಥಿತಿಯಲ್ಲಿ ಯಾವ ಸಂಶೋಧಕರೂ ಹೊಸಬರನ್ನು ಕೆಲಸಕ್ಕೆ ತೆಗೆದುಕೊಳ್ಳುವುದಿಲ್ಲ. ಖಾತೆಯಲ್ಲಿ ಹಣ ಇದ್ದೂ ಲ್ಯಾಬ್ ಖಾಲಿ ಇರುತ್ತದೆ.

ಪ್ರಶ್ನೆ: ನಾನು ಹನ್ನೆರಡು ವರ್ಷದಿಂದ ಸಕ್ಕರೆ ಕಾಯಿಲೆಯವನು. ಅಮೆರಿಕದಲ್ಲಿ ಯಾವುದೋ ಕಾಲೇಜಿಗೆ ಹಣ ನಿಂತರೆ ನನಗೇನು?
— ಕೃಷಿಕರು, ಉಡುಪಿ ಜಿಲ್ಲೆ

ಉತ್ತರ: ಸಕ್ಕರೆ ಕಾಯಿಲೆ ಬರುವ ಅಂಚಿನಲ್ಲಿ ಇರುವವರಿಗೆ ‘ತೂಕದಲ್ಲಿ ಶೇ 7 ಇಳಿಸಿ, ವಾರಕ್ಕೆ 150 ನಿಮಿಷ ನಡೆಯಿರಿ’ ಎಂದು ವೈದ್ಯರು ಹೇಳುವುದನ್ನು ನೀವು ಕೇಳಿರಬೇಕು. ಆ ಸಲಹೆಯ ಬಲವಾದ ಆಧಾರಗಳಲ್ಲಿ ಒಂದು, ಅಮೆರಿಕದಲ್ಲಿ 1996ರಲ್ಲಿ ಶುರುವಾದ ಡಯಾಬಿಟಿಸ್ ಪ್ರಿವೆನ್ಷನ್ ಪ್ರೋಗ್ರಾಂ. 3,234 ಜನರನ್ನು ಮೂರು ಗುಂಪು ಮಾಡಿ ನೋಡಿದಾಗ, ಊಟ–ನಡಿಗೆ ಬದಲಿಸಿಕೊಂಡವರಲ್ಲಿ ಕಾಯಿಲೆ ಬರುವುದು ಶೇ 58 ಕಡಿಮೆಯಾಯಿತು. ಮೆಟ್‌ಫಾರ್ಮಿನ್ 850 ಮಿಲಿಗ್ರಾಂ ದಿನಕ್ಕೆರಡು ತೆಗೆದುಕೊಂಡವರಲ್ಲಿ ಶೇ 31. ಅದೇ ಜನರನ್ನು 2002ರಿಂದ ಮುಂದೆಯೂ ನೋಡುತ್ತ ಬಂದಿದ್ದಾರೆ. ಕಣ್ಣು, ಮೂತ್ರಪಿಂಡ, ಈಗ ನೆನಪಿನ ಶಕ್ತಿಯವರೆಗೆ. ಈ ಅಧ್ಯಯನ ಹತ್ತಾರು ಕೇಂದ್ರಗಳಲ್ಲಿ ನಡೆದರೂ ಹಣ ಕೊಲಂಬಿಯಾ ವಿಶ್ವವಿದ್ಯಾಲಯದ ಮೂಲಕ ಹಂಚಿಕೆಯಾಗುತ್ತಿತ್ತು. 2025ರ ಮಾರ್ಚ್‌ನಲ್ಲಿ ಕೊಲಂಬಿಯಾಕ್ಕೆ ಬಿದ್ದ ಏಟು, ಅಲ್ಲಿನ ಕ್ಯಾಂಪಸ್ ಪ್ರತಿಭಟನೆಗಳ ಗಲಾಟೆಗೆ ಸಂಬಂಧವೇ ಇಲ್ಲದ ದೂರದ ರಾಜ್ಯಗಳ ಕೇಂದ್ರಗಳಿಗೂ ಬಿತ್ತು.

ದೀರ್ಘಕಾಲದ ಅಧ್ಯಯನಗಳ ತೊಂದರೆ ಇದೇ. ಅಧಿಕ ರಕ್ತದೊತ್ತಡ, ಕೊಲೆಸ್ಟರಾಲ್ ಹೃದಯಕ್ಕೆ ಅಪಾಯ ಎಂದು ತೋರಿಸಿದ ಫ್ರೇಮಿಂಗ್‌ಹ್ಯಾಮ್ ಅಧ್ಯಯನ 1948ರಲ್ಲಿ 5,209 ಜನರೊಂದಿಗೆ ಶುರುವಾಯಿತು. 2013ರ ಸಾರ್ವತ್ರಿಕ ಕಡಿತದಲ್ಲಿ ಅದರ ಗುತ್ತಿಗೆಯಿಂದ 40 ಲಕ್ಷ ಡಾಲರ್, ಅಂದರೆ ಶೇ 40, ಹೋಯಿತು. 19 ಜನ ಕೆಲಸ ಕಳೆದುಕೊಂಡರು. ಎರಡು ವರ್ಷಕ್ಕೊಮ್ಮೆ ಅಳೆಯುವ ರಕ್ತದೊತ್ತಡವನ್ನು ಒಂದು ಸುತ್ತು ಬಿಟ್ಟರೆ ಆ ಸುತ್ತನ್ನು ಆಮೇಲೆ ಅಳೆಯಲು ಬರುವುದಿಲ್ಲ.

ಔಷಧ ಪರೀಕ್ಷೆಗಳದು ಲೆಕ್ಕದ ಸಮಸ್ಯೆಯೂ ಹೌದು. 2025ರ ಫೆಬ್ರವರಿ ಕೊನೆಯಿಂದ ಆಗಸ್ಟ್ ಮಧ್ಯದವರೆಗೆ 383 ಪರೀಕ್ಷೆಗಳ ಹಣ ನಿಂತಿತು, ಅವುಗಳಲ್ಲಿ 74,000ಕ್ಕೂ ಹೆಚ್ಚು ಜನ ಸೇರಿದ್ದರು. ಒಂದು ಪರೀಕ್ಷೆಗೆ 400 ಜನ ಬೇಕು ಎಂದು ಮೊದಲೇ ಲೆಕ್ಕ ಹಾಕಿರುತ್ತಾರೆ, ಔಷಧಕ್ಕೆ ನಿಜವಾಗಿ ಗುಣವಿದ್ದರೆ ಅದು ಕಾಣಿಸಿಕೊಳ್ಳುವ ಸಾಧ್ಯತೆ ಶೇ 80 ಇರಲಿ ಎಂದು. 200ಕ್ಕೆ ನಿಲ್ಲಿಸಿದರೆ ಆ ಸಾಧ್ಯತೆ ಶೇ 50ರ ಆಸುಪಾಸಿಗೆ ಇಳಿಯುತ್ತದೆ. ಅರ್ಧ ಜನ ಸೇರಿದ್ದಾರಲ್ಲ, ಅರ್ಧ ಉತ್ತರವಾದರೂ ಸಿಗುತ್ತದೆ ಎಂದುಕೊಳ್ಳುವಂತಿಲ್ಲ. ‘ಪರಿಣಾಮ ಕಾಣಲಿಲ್ಲ’ ಎಂದು ಬಂದರೆ ಔಷಧ ಕೆಲಸ ಮಾಡಲಿಲ್ಲವೋ, ಜನ ಸಾಲಲಿಲ್ಲವೋ ಹೇಳಲು ಬರುವುದಿಲ್ಲ. ಆ 200 ಜನರ ರಕ್ತ, ಸಮಯ, ನಂಬಿಕೆ ಮೂರೂ ವ್ಯರ್ಥ.

ನಿಮ್ಮ ಮಾತ್ರೆ ನಾಳೆ ಅಂಗಡಿಯಲ್ಲಿ ಸಿಗದೇ ಹೋಗುವುದಿಲ್ಲ. ಅದರ ಚಿಂತೆ ಬೇಡ.

ಪ್ರಶ್ನೆ: ಔಷಧ ಕಂಪನಿಗಳು ಈ ಜಾಗ ತುಂಬಲಾರವೇ?
— ಕಲಬುರಗಿ

ಉತ್ತರ: ಕೊನೆಯ ಹಂತ ತುಂಬಬಲ್ಲವು, ಮೊದಲ ಹಂತ ತುಂಬುವುದಿಲ್ಲ. 2010ರಿಂದ 2016ರವರೆಗೆ ಅಮೆರಿಕದಲ್ಲಿ ಒಪ್ಪಿಗೆ ಪಡೆದ 210 ಹೊಸ ಔಷಧಗಳನ್ನು ಹಿಂದಕ್ಕೆ ಹುಡುಕಿಕೊಂಡು ಹೋದಾಗ, ಪ್ರತಿಯೊಂದರ ಹಿಂದೆಯೂ ಎನ್‌ಐಎಚ್ ಹಣದ ಸಂಶೋಧನೆ ಇತ್ತು. ಹೆಚ್ಚಿನದು ಔಷಧದ ಬಗ್ಗೆಯಲ್ಲ, ಔಷಧ ಹೋಗಿ ಕೂರುವ ಪ್ರೋಟೀನಿನ ಬಗ್ಗೆ. ಯಾವ ಪ್ರೋಟೀನು ಲಾಭ ತರುತ್ತದೆ ಎಂದು ಗೊತ್ತಿಲ್ಲದ ಹಂತದಲ್ಲಿ ಷೇರುದಾರರ ಹಣ ಹಾಕಲು ಕಂಪನಿಗಳಿಗೆ ಕಾರಣವೇ ಇಲ್ಲ.

ಪ್ರಶ್ನೆ: ಮಗಳು ಅಮೆರಿಕದಲ್ಲಿ ಬಯೋಮೆಡಿಕಲ್ ಪಿಎಚ್.ಡಿ.ಯ ನಾಲ್ಕನೇ ವರ್ಷದಲ್ಲಿದ್ದಾಳೆ. ಗೈಡ್‌ನ ಗ್ರ್ಯಾಂಟ್ ರದ್ದಾಗಿದೆಯಂತೆ. ‘ನೀನು ವಾಪಸ್ ಬಂದುಬಿಡು’ ಎನ್ನಬೇಕೋ, ಅಲ್ಲೇ ಇರು ಎನ್ನಬೇಕೋ ತಿಳಿಯುತ್ತಿಲ್ಲ.
— ತಾಯಿ, ದಾವಣಗೆರೆ

ಉತ್ತರ: ಅಮ್ಮಾ, ಸದ್ಯಕ್ಕೆ ಎರಡನ್ನೂ ಹೇಳಬೇಡಿ. ಆಕೆ ಮೊದಲು ಕೆಲವು ಕಾಗದ ನೋಡಬೇಕು, ಕೆಲವರನ್ನು ಭೇಟಿಯಾಗಬೇಕು. ಈ ಭಾಗವನ್ನು ಹಾಗೆಯೇ ಆಕೆಗೆ ಕಳಿಸಿ.

ಮೊದಲನೆಯದು ಪ್ರವೇಶ ಪತ್ರ. ಹಲವು ವಿಭಾಗಗಳು ‘ಪ್ರಗತಿ ತೃಪ್ತಿಕರವಾಗಿದ್ದರೆ ಐದು ವರ್ಷ ಸ್ಟೈಪೆಂಡ್’ ಎಂದು ಬರೆದು ಕೊಟ್ಟಿರುತ್ತವೆ. ಹಾಗಿದ್ದರೆ ಹೊಣೆ ಗೈಡ್‌ನದು ಮಾತ್ರವಲ್ಲ, ವಿಭಾಗದ್ದೂ ಹೌದು. ನಾಲ್ಕನೇ ವರ್ಷದವಳಿಗೆ ಈ ಸಾಲು ಇದ್ದರೆ ಅರ್ಧ ಭಾರ ಇಳಿದಂತೆ.

ಆಮೇಲೆ ಗೈಡ್‌ರನ್ನು ಒಂದೇ ಪ್ರಶ್ನೆ ಕೇಳಲಿ: ನನ್ನ ಸಂಬಳ ಯಾವ ಖಾತೆಯಿಂದ ಬರುತ್ತಿದೆ, ಆ ಖಾತೆಯಿಂದ ಕೊನೆಯ ಸಂಬಳದ ದಿನಾಂಕ ಯಾವುದು? ‘ನೋಡೋಣ, ಏನಾದರೂ ಮಾಡೋಣ’ ಎಂಬ ಉತ್ತರ ಸಾಲದು, ದಿನಾಂಕ ಬೇಕು. ಅದು ಸಿಕ್ಕಿದ ದಿನವೇ ಪಿಎಚ್.ಡಿ. ಕಾರ್ಯಕ್ರಮದ ನಿರ್ದೇಶಕರನ್ನು ಕಂಡು ‘ಬ್ರಿಡ್ಜ್ ಫಂಡಿಂಗ್’ ಕೇಳಬೇಕು. ಗ್ರ್ಯಾಂಟ್ ಕಳೆದುಕೊಂಡ ಲ್ಯಾಬುಗಳಿಗೆ ವಿಶ್ವವಿದ್ಯಾಲಯ ತನ್ನ ನಿಧಿಯಿಂದ ಕೆಲವು ತಿಂಗಳಿಗೆ ಕೊಡುವ ಹಣ ಇದು. ತಡ ಮಾಡದೆ ಕೇಳುವುದು ಒಳ್ಳೆಯದು. ನಮ್ಮ ಮಕ್ಕಳು ಗೈಡ್‌ಗೆ ಬೇಸರವಾದೀತು ಎಂದು ಮೇಲಿನವರ ಬಳಿ ಹೋಗಲು ಹಿಂಜರಿಯುತ್ತಾರೆ. ಅಲ್ಲಿ ಅದನ್ನು ಚಾಡಿ ಎಂದು ಯಾರೂ ತಿಳಿಯುವುದಿಲ್ಲ. ಗೈಡ್‌ಗೆ ಹೇಳಿಯೇ ಹೋಗಲಿ.

ಟೀಚಿಂಗ್ ಅಸಿಸ್ಟೆಂಟ್ ಹುದ್ದೆಗೆ ಮುಂದಿನ ಸೆಮಿಸ್ಟರಿನ ಅರ್ಜಿ ಕೊನೆಯ ದಿನಾಂಕ ಈಗಲೇ ನೋಡಿಕೊಳ್ಳಬೇಕು. ಎಫ್-1 ವಿದ್ಯಾರ್ಥಿ ವೀಸಾದಲ್ಲಿ ತರಗತಿ ನಡೆಯುವ ಅವಧಿಯಲ್ಲಿ ಕ್ಯಾಂಪಸ್ ಒಳಗೆ ವಾರಕ್ಕೆ 20 ಗಂಟೆ ಮಾತ್ರ ಕೆಲಸ ಮಾಡಬಹುದು. ಲ್ಯಾಬಿನ ಗಂಟೆ, ಪಾಠದ ಗಂಟೆ ಸೇರಿ ಅದನ್ನು ಮೀರಬಾರದು. ಫೆಲೋಶಿಪ್ ಹುಡುಕುವಾಗ ಒಂದು ಎಚ್ಚರ: ಎನ್‌ಐಎಚ್‌ನ ಟಿ32, ಎಫ್31 ಅಲ್ಲಿನ ನಾಗರಿಕರಿಗೆ, ಗ್ರೀನ್ ಕಾರ್ಡ್ ಇದ್ದವರಿಗೆ ಮಾತ್ರ. ಅವಕ್ಕೆ ಬರೆದು ವಾರ ಕಳೆಯುವುದು ಬೇಡ. ಹೃದಯ, ಮೆದುಳಿನ ಪಾರ್ಶ್ವವಾಯು ಅಥವಾ ರಕ್ತನಾಳಕ್ಕೆ ಹತ್ತಿರದ ವಿಷಯವಾದರೆ ಅಮೆರಿಕನ್ ಹಾರ್ಟ್ ಅಸೋಸಿಯೇಷನ್‌ನ ಪ್ರಿಡಾಕ್ಟೊರಲ್ ಫೆಲೋಶಿಪ್ಪಿಗೆ ವೀಸಾದಲ್ಲಿ ಇರುವವರೂ ಅರ್ಜಿ ಹಾಕಬಹುದು. ಆಯಾ ವರ್ಷದ ಅರ್ಹತೆಯ ಪುಟ ಓದಿಕೊಳ್ಳಲಿ.

ತಪ್ಪಿಯೂ ಮಾಡಬಾರದ್ದು ಒಂದಿದೆ. ಮನಸ್ಸು ಕೆಟ್ಟು, ವಿದೇಶಿ ವಿದ್ಯಾರ್ಥಿಗಳ ಕಚೇರಿಗೆ ಹೇಳದೆ ಕೋರ್ಸ್ ಕೈಬಿಡುವುದು, ರಜೆ ಹಾಕಿ ಊರಿಗೆ ಹೊರಡುವುದು. ಪೂರ್ಣಾವಧಿ ನೋಂದಣಿ ತಪ್ಪಿದರೆ ಸೆವಿಸ್ (ವಿದೇಶಿ ವಿದ್ಯಾರ್ಥಿಗಳ ಬಗ್ಗೆ ಅಮೆರಿಕ ಸರ್ಕಾರ ಇಡುವ ಕಂಪ್ಯೂಟರ್ ಪಟ್ಟಿ) ದಾಖಲೆ ರದ್ದಾಗುತ್ತದೆ, ಒಂದು ದಿನದ ಅವಕಾಶವೂ ಇರುವುದಿಲ್ಲ. ಕಚೇರಿಯ ಒಪ್ಪಿಗೆ ಪಡೆದು ಬಿಟ್ಟರೆ ದೇಶ ಬಿಡಲು 15 ದಿನ ಸಿಗುತ್ತದೆ, ಪದವಿ ಮುಗಿಸಿದರೆ 60 ದಿನ. ಬೇರೆ ವಿಶ್ವವಿದ್ಯಾಲಯಕ್ಕೆ ಹೋಗುವುದಾದರೆ ಸೆವಿಸ್ ದಾಖಲೆಯನ್ನು ಮೊದಲು ವರ್ಗಾಯಿಸಿಯೇ ಹೋಗಬೇಕು.

ಇನ್ನು ಪ್ರಬಂಧ. ನಾಲ್ಕನೇ ವರ್ಷ ಎಂದರೆ ಕೈಯಲ್ಲಿ ಸಾಕಷ್ಟು ದತ್ತಾಂಶ ಇರುತ್ತದೆ. ಸಮಿತಿಯ ಸಭೆಯನ್ನು ತಾನೇ ಕರೆಯಲಿ, ಆರು ತಿಂಗಳು ಕಾಯದೆ. ಉದಾಹರಣೆಗೆ, ಬಾಕಿ ಇರುವ ಇಲಿ ಪ್ರಯೋಗವನ್ನು ಬಿಟ್ಟು, ಇರುವ ದತ್ತಾಂಶದ ಕಂಪ್ಯೂಟರ್ ವಿಶ್ಲೇಷಣೆಯಿಂದ ಅಧ್ಯಾಯ ಮುಗಿಸಬಹುದೇ ಎಂದು ಕೇಳಲಿ. ಗ್ರ್ಯಾಂಟ್ ಹೋದ ಲ್ಯಾಬಿನ ವಿದ್ಯಾರ್ಥಿಗೆ ಸಮಿತಿಗಳು ಸಾಮಾನ್ಯವಾಗಿ ದಾರಿ ಮಾಡಿಕೊಡುತ್ತವೆ, ಆದರೆ ಬರೆದ ಯೋಜನೆ ಮುಂದಿಟ್ಟಾಗ ಮಾತ್ರ. ಒಪ್ಪಿಗೆಯನ್ನು ಇಮೇಲಿನಲ್ಲಿ ಪಡೆದಿಟ್ಟುಕೊಳ್ಳಲಿ. ಲ್ಯಾಬ್ ಬದಲಿಸುವುದಾದರೆ ದತ್ತಾಂಶ ವಿಶ್ವವಿದ್ಯಾಲಯದ ಸ್ವತ್ತು ಎಂಬುದು ನೆನಪಿರಲಿ. ಪ್ರತಿ ತೆಗೆದುಕೊಳ್ಳಲು ಅನುಮತಿ, ಲೇಖನದಲ್ಲಿ ಹೆಸರು, ಎರಡೂ ಹೊರಡುವ ಮೊದಲೇ ಲಿಖಿತವಾಗಿ ಇರಲಿ.

ಮುಗಿಸಿದ ಮೇಲೆ ಒಪಿಟಿ, ಅಂದರೆ ಓದಿದ ವಿಷಯದಲ್ಲಿ ಅದೇ ವಿದ್ಯಾರ್ಥಿ ವೀಸಾದಲ್ಲಿದ್ದು ಕೆಲಸ ಮಾಡುವ ಅನುಮತಿ. ಪದವಿ ಮುಗಿಯುವ ದಿನಾಂಕಕ್ಕೆ 90 ದಿನ ಮೊದಲಿನಿಂದ 60 ದಿನ ನಂತರದವರೆಗೆ ಅರ್ಜಿ ಹಾಕಬಹುದು. ಮೊದಲ 12 ತಿಂಗಳಲ್ಲಿ ಒಟ್ಟು 90 ದಿನಕ್ಕಿಂತ ಹೆಚ್ಚು ಕೆಲಸವಿಲ್ಲದೆ ಇರುವಂತಿಲ್ಲ. ಪೋಸ್ಟ್‌ಡಾಕ್ (ಪಿಎಚ್.ಡಿ. ನಂತರದ ಸಂಶೋಧನಾ) ಸ್ಥಾನಗಳೇ ಕಡಿಮೆಯಾಗಿರುವ ಈಗ 90 ದಿನ ಬೇಗ ಕರಗುತ್ತದೆ. ಹಾಗಾಗಿ ಆರಂಭದ ದಿನಾಂಕವನ್ನು ಆದಷ್ಟು ಮುಂದಕ್ಕೆ ಆರಿಸಿಕೊಳ್ಳುವುದು ಜಾಣತನ. ಎಚ್-1ಬಿ ಉದ್ಯೋಗ ವೀಸಾದ ವಿಷಯದಲ್ಲಿ, 2025ರ ಸೆಪ್ಟೆಂಬರ್ 21ರಿಂದ ದೇಶದ ಹೊರಗಿರುವವರಿಗೆ ಹಾಕುವ ಹೊಸ ಅರ್ಜಿಗೆ 1 ಲಕ್ಷ ಡಾಲರ್ ಶುಲ್ಕ ಬಂದಿದೆ, ವಿಶ್ವವಿದ್ಯಾಲಯಗಳಿಗೂ ವಿನಾಯಿತಿಯಿಲ್ಲ. ಒಳಗೇ ಇದ್ದು ಎಫ್-1ರಿಂದ ಬದಲಿಸಿಕೊಳ್ಳುವವರಿಗೆ ಅದು ಅನ್ವಯಿಸುವುದಿಲ್ಲ ಎಂದು ಅಕ್ಟೋಬರ್‌ನಲ್ಲಿ ಸ್ಪಷ್ಟಪಡಿಸಿದರು. ‘ಒಮ್ಮೆ ಬಂದು ಹೋಗು’ ಎಂದು ನೀವು ಕರೆಯುವ ಮೊದಲು ಆಕೆ ವಕೀಲರನ್ನು ಕೇಳಲಿ.

ಪದವಿ, ಪೋಸ್ಟ್‌ಡಾಕ್ ಮುಗಿಸಿ ಬರುವುದಾದರೆ ರಾಮಲಿಂಗಸ್ವಾಮಿ, ರಾಮಾನುಜನ್ ಫೆಲೋಶಿಪ್ಪುಗಳು ಐದೈದು ವರ್ಷದವು, ಹೊರಗಿನಿಂದ ಮರಳುವವರಿಗೆಂದೇ ಇವೆ. ಪದವಿಯಿಲ್ಲದೆ ನಾಲ್ಕನೇ ವರ್ಷದಲ್ಲಿ ಬಂದರೆ ಇವು ಯಾವುವೂ ಸಿಗುವುದಿಲ್ಲ.

ಪ್ರಶ್ನೆ: ಕರ್ನಾಟಕದ ಆಸ್ಪತ್ರೆ, ಕಾಲೇಜುಗಳಿಗೆ ಇದರ ಬಿಸಿ ತಟ್ಟಿದೆಯೇ?
— ವೈದ್ಯಕೀಯ ವಿದ್ಯಾರ್ಥಿ, ಬೆಳಗಾವಿ

ಉತ್ತರ: ನಿಮ್ಮೂರಿನ ಉದಾಹರಣೆಯೇ ಸಾಕು. ಬೆಳಗಾವಿಯ ಜವಾಹರಲಾಲ್ ನೆಹರು ಮೆಡಿಕಲ್ ಕಾಲೇಜು ಎನ್‌ಐಎಚ್‌ನ ತಾಯಿ–ಮಗುವಿನ ಆರೋಗ್ಯದ ಜಾಗತಿಕ ಜಾಲದಲ್ಲಿ ಅಮೆರಿಕದ ವಿಶ್ವವಿದ್ಯಾಲಯಗಳ ಜೊತೆ ಕೆಲಸ ಮಾಡಿದೆ. ಬೆಳಗಾವಿ ಜಿಲ್ಲೆಯ ಹಳ್ಳಿಗಳಲ್ಲಿ 1,620 ಹೆಂಗಸರಲ್ಲಿ ನಡೆದ ಪರೀಕ್ಷೆಯಲ್ಲಿ, ಎಎನ್‌ಎಂ ಸಿಸ್ಟರ್‌ಗಳು ಹೆರಿಗೆಯಾದೊಡನೆ 600 ಮೈಕ್ರೋಗ್ರಾಂ ಮಿಸೊಪ್ರೊಸ್ಟಾಲ್ ಮಾತ್ರೆ ಬಾಯಿಗೆ ಕೊಟ್ಟರು. ಅತಿ ರಕ್ತಸ್ರಾವ ಶೇ 12ರಿಂದ ಶೇ 6.4ಕ್ಕೆ ಇಳಿಯಿತು. 2006ರಲ್ಲಿ ಪ್ರಕಟವಾದ ಆ ಫಲಿತಾಂಶ, ಫ್ರಿಜ್ಜೂ ಸಿರಿಂಜೂ ಇಲ್ಲದ ಕಡೆಯೂ ಜೀವ ಉಳಿಸಬಹುದು ಎಂದು ತೋರಿಸಿತು. ಹೆರಿಗೆ ನೋವಿನ ಸಮಯದಲ್ಲಿ 2 ಗ್ರಾಂ ಅಜಿತ್ರೊಮೈಸಿನ್ ಒಂದೇ ಡೋಸ್ ಕೊಟ್ಟರೆ ತಾಯಿಗೆ ನಂಜಾಗುವುದು ಅಥವಾ ಸಾವು ಶೇ 2.4ರಿಂದ 1.6ಕ್ಕೆ ಇಳಿಯುತ್ತದೆ ಎಂದು 2023ರಲ್ಲಿ ಹೇಳಿದ ಬಹುದೇಶೀಯ ಪರೀಕ್ಷೆಯಲ್ಲೂ ಬೆಳಗಾವಿ ಇತ್ತು.

ಈ ಹಣ ಬರುತ್ತಿದ್ದ ದಾರಿ ‘ಉಪ ಅನುದಾನ’. ಮುಖ್ಯ ಗ್ರ್ಯಾಂಟ್ ಅಮೆರಿಕದ ವಿಶ್ವವಿದ್ಯಾಲಯಕ್ಕೆ, ಅದರೊಳಗಿಂದ ಒಂದು ಪಾಲು ಇಲ್ಲಿಗೆ. ವಿದೇಶಿ ಉಪ ಅನುದಾನ ಇರುವ ಹೊಸ ಗ್ರ್ಯಾಂಟುಗಳನ್ನು ಹೊಸ ವ್ಯವಸ್ಥೆ ಬರುವವರೆಗೆ ಕೊಡುವುದಿಲ್ಲ ಎಂದು 2025ರ ಮೇ 1ರಂದು ಎನ್‌ಐಎಚ್ ಪ್ರಕಟಿಸಿತು. ಹೊಸ ವ್ಯವಸ್ಥೆಯಲ್ಲಿ ಇಲ್ಲಿನ ಸಂಸ್ಥೆಗೆ ಪ್ರತ್ಯೇಕ ಗ್ರ್ಯಾಂಟ್. ಕೇಳಲು ಗೌರವದ ಮಾತು, ಆದರೆ ಹೊರೆಯೂ ಇಲ್ಲಿಗೇ ವರ್ಗವಾಗುತ್ತದೆ: ಅಮೆರಿಕ ಸರ್ಕಾರದ ಪೋರ್ಟಲಿನಲ್ಲಿ ಸಂಸ್ಥೆಯ ನೋಂದಣಿ, ಅವರ ಮಾದರಿಯ ಲೆಕ್ಕಪತ್ರ, ಜೊತೆಗೆ ನಮ್ಮ ಕಡೆ ಎಫ್‌ಸಿಆರ್‌ಎ (ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆ) ಹಾಗೂ ಐಸಿಎಂಆರ್ ಮೂಲಕ ಆರೋಗ್ಯ ಸಚಿವಾಲಯದ ಪರಿಶೀಲನಾ ಸಮಿತಿಯ ಒಪ್ಪಿಗೆ. ಗ್ರ್ಯಾಂಟ್ ಕಚೇರಿಯೇ ಇಲ್ಲದ ಜಿಲ್ಲಾ ಮಟ್ಟದ ಕಾಲೇಜು ಇದನ್ನು ನಿಭಾಯಿಸುವುದು ಕಷ್ಟ. ಮೊದಲು ಬಿಸಿ ತಟ್ಟುವುದು ಡಾಕ್ಟರಿಗಲ್ಲ. ಮನೆಮನೆ ಸುತ್ತಿ ಗರ್ಭಿಣಿಯರ ಪಟ್ಟಿ ಮಾಡುವ, ಗುತ್ತಿಗೆಯ ಮೇಲಿರುವ ಹೆಣ್ಣುಮಕ್ಕಳಿಗೆ.

ಪ್ರಶ್ನೆ: ಈ ವರ್ಷ ಅಮೆರಿಕದ ಪಿಎಚ್.ಡಿ.ಗೆ ಅರ್ಜಿ ಹಾಕಬಹುದೇ? ಆರಿಸಿಕೊಳ್ಳುವ ಲ್ಯಾಬಿಗೆ ಹಣ ಇದೆಯೋ ಇಲ್ಲವೋ ಇಲ್ಲಿಂದಲೇ ತಿಳಿಯುವುದು ಹೇಗೆ?
— ಎಂ.ಎಸ್ಸಿ. ವಿದ್ಯಾರ್ಥಿನಿ, ಬೆಂಗಳೂರು

ಉತ್ತರ: ಹಾಕಬಹುದು, ಆದರೆ ಅದೊಂದನ್ನೇ ನಂಬಿ ಕೂರಬೇಡಿ. 2025ರ ವಸಂತದಲ್ಲಿ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದ ಚಾನ್ ಮೆಡಿಕಲ್ ಸ್ಕೂಲ್ ಬಯೋಮೆಡಿಕಲ್ ಪಿಎಚ್.ಡಿ.ಗೆ ಕೊಟ್ಟಿದ್ದ ಪ್ರವೇಶಗಳನ್ನೇ ಹಿಂತೆಗೆದುಕೊಂಡಿತು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಹಾಗಾಗಿ ಇಲ್ಲಿ ಸಿಎಸ್‌ಐಆರ್–ಯುಜಿಸಿ ನೆಟ್, ಐಸಿಎಂಆರ್ ಜೆಆರ್‌ಎಫ್ ಬರೆದಿಟ್ಟುಕೊಳ್ಳಿ.

ಲ್ಯಾಬಿನ ಹಣ ತಿಳಿಯಲು ಎನ್‌ಐಎಚ್ ರಿಪೋರ್ಟರ್ ಎಂಬ ಸಾರ್ವಜನಿಕ ತಾಣ ಇದೆ, ಉಚಿತ. ಪ್ರಾಧ್ಯಾಪಕರ ಹೆಸರು ಹಾಕಿದರೆ ಅವರ ಗ್ರ್ಯಾಂಟುಗಳು ‘5ಆರ್01ಸಿಎ000000-04’ ಎಂಬ ರೀತಿಯ ಸಂಖ್ಯೆಯೊಂದಿಗೆ ಬರುತ್ತವೆ. ಮೊದಲ ಅಂಕಿ 1 ಇದ್ದರೆ ಹೊಸ ಗ್ರ್ಯಾಂಟ್, 2 ಇದ್ದರೆ ಮತ್ತೆ ಸ್ಪರ್ಧಿಸಿ ಗೆದ್ದ ನವೀಕರಣ, 5 ಇದ್ದರೆ ನಡೆಯುತ್ತಿರುವುದರ ಮುಂದಿನ ಕಂತು. ಆರ್01 ಎನ್ನುವುದು ಬಗೆ, ಸಾಮಾನ್ಯವಾಗಿ ನಾಲ್ಕೈದು ವರ್ಷದ್ದು. ಸಿಎ ಎಂದರೆ ಕ್ಯಾನ್ಸರ್ ಸಂಸ್ಥೆ. ಕೊನೆಯ 04 ಎಷ್ಟನೇ ವರ್ಷ ಎಂಬುದು. ಪಕ್ಕದಲ್ಲೇ ಯೋಜನೆ ಮುಗಿಯುವ ದಿನಾಂಕ ಇರುತ್ತದೆ. ನೀವು ಸೇರಿ, ಒಂದು ವರ್ಷ ಲ್ಯಾಬ್‌ಗಳನ್ನು ಸುತ್ತಿ ನೋಡಿ, ಎರಡನೇ ವರ್ಷಕ್ಕೆ ಆ ಲ್ಯಾಬ್ ಹೊಕ್ಕಾಗ ಆ ದಿನಾಂಕ ದಾಟಿರುತ್ತದೆಯೇ ಎಂದು ಎಣಿಸಿ. ದಾಟಿರುತ್ತದೆ ಎಂದಾದರೆ ಪ್ರಾಧ್ಯಾಪಕರಿಗೆ ಬರೆಯುವ ಇಮೇಲಿನಲ್ಲಿ ನವೀಕರಣಕ್ಕೆ ಅರ್ಜಿ ಹೋಗಿದೆಯೇ, ವಿಭಾಗ ಎಷ್ಟು ವರ್ಷ ಸ್ಟೈಪೆಂಡಿಗೆ ಲಿಖಿತ ಭರವಸೆ ಕೊಡುತ್ತದೆ ಎಂದು ಕೇಳಿ. ಎರಡೂ ಅಲ್ಲಿ ಸಹಜವಾದ ಪ್ರಶ್ನೆಗಳೇ. ಉತ್ತರ ಬಾರದಿದ್ದರೆ ಪಟ್ಟಿಯ ಮುಂದಿನ ಹೆಸರಿಗೆ ಹೋಗಿ.